ಟಿಕೆಟ್ಟಿನ ಹಿಂದೆ ಬರೆದ ಚಿಲ್ಲರೆ

ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಓಡಾಡಿದವರಿಗೆ ಟಿಕೆಟ್ಟಿನ ಎರಡೂ ಮುಖಗಳು ಗೊತ್ತು. ಮುಂದೆ ಅಚ್ಚಾಗಿರುವುದು ಪ್ರಯಾಣಿಕ ಕೊಟ್ಟ ಹಣ. ಹಿಂದೆ ಕಂಡಕ್ಟರ್ ಪೆನ್ನಿನಿಂದ ಗೀಚಿದ್ದು ಅವನಿಗೆ ಬರಬೇಕಾದ ಹಣ. ಮೊದಲನೆಯದಕ್ಕೆ ಸರ್ಕಾರಿ ಲೆಕ್ಕವಿದೆ. ಎರಡನೆಯದಕ್ಕೆ ಇರುವುದು ನಂಬಿಕೆ ಮಾತ್ರ.

ನಗರದಲ್ಲಿ 1940ರಲ್ಲಿ ಬಸ್ಸು ಓಡಿಸಲಾರಂಭಿಸಿದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಖಾಸಗಿಯವರದು. 1956ರಲ್ಲಿ ಅದು ರಾಷ್ಟ್ರೀಕರಣಗೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್, ಅಂದರೆ ಬಿ.ಟಿ.ಎಸ್. ಆಯಿತು. ಕಾದು ಕಾದು ಬೇಸತ್ತ ಜನ ಆ ಮೂರಕ್ಷರವನ್ನು 'ಬಿಟ್ಟರೆ ತಿರುಗಿ ಸಿಗೋಲ್ಲ' ಎಂದು ಬಿಡಿಸಿದರು. ಈ ಮಾತು ಬಸ್ಸಿಗೆ ಎಷ್ಟು ಸಲ್ಲುತ್ತದೋ ಚಿಲ್ಲರೆಗೂ ಅಷ್ಟೇ ಸಲ್ಲುತ್ತದೆ. ಮರೆತು ಇಳಿದರೆ ಬಸ್ಸೂ ಹೋಯಿತು, ಹಣವೂ ಹೋಯಿತು.

ಹಾಗಾದರೆ ತಪ್ಪು ಕಂಡಕ್ಟರನದೇ? ಹಾಗೆನ್ನುವುದು ಸುಲಭ. ಕ್ರಮಸಂಖ್ಯೆಯುಳ್ಳ ಟಿಕೆಟ್ ಕಟ್ಟುಗಳನ್ನು ಹಿಡಿದು ಡ್ಯೂಟಿಗೆ ಹೊರಟ ಅವನು, ಎಷ್ಟು ಟಿಕೆಟ್ ಹರಿದನೋ ಅಷ್ಟರ ಹಣವನ್ನು ಡಿಪೋದಲ್ಲಿ ಕಟ್ಟಬೇಕಿತ್ತು. ನಡುವೆ ತನಿಖೆಯವರು ಹತ್ತಿದರೆ ವೇ ಬಿಲ್ ತೋರಿಸಬೇಕು. ಬೆಳಗಿನ ಮೊದಲ ಟ್ರಿಪ್ಪಿನಲ್ಲೇ ಹತ್ತು ಜನ ದೊಡ್ಡ ನೋಟು ಚಾಚಿದರೆ ಚಿಲ್ಲರೆ ಎಲ್ಲಿಂದ ತರಬೇಕು? ಅದಕ್ಕಾಗಿಯೇ ಟಿಕೆಟ್ಟಿನ ಹಿಂದೆ ಅಂಕಿ ಬಿತ್ತು.

ಇನ್ನೊಂದು ಉಪಾಯವೂ ಇತ್ತು. ಒಂದೇ ನಿಲ್ದಾಣದಲ್ಲಿ ಇಳಿಯುವ ಇಬ್ಬರಿಗೆ ಸೇರಿಸಿ ಒಂದು ನೋಟು ಕೊಟ್ಟು 'ಹಂಚ್ಕೊಳ್ಳಿ' ಎಂದುಬಿಡುವುದು. ಹೆಸರೂ ಗೊತ್ತಿಲ್ಲದ ಇಬ್ಬರು ಬೀಡಾ ಅಂಗಡಿಯ ಮುಂದೆ ನಿಂತು ಲೆಕ್ಕ ತೀರಿಸಿಕೊಳ್ಳಬೇಕು. ಪರಸ್ಥಳದಿಂದ ಬಂದು ನೆಲೆಸಿದವರ ಈ ಊರಿನಲ್ಲಿ ಅಪರಿಚಿತರು ಮಾತಾಡಲು ಇದೂ ಒಂದು ಕಾರಣವಾಯಿತು.

1997ರ ಆಗಸ್ಟ್ 15ರಂದು ಬಿ.ಎಂ.ಟಿ.ಸಿ. ಪ್ರತ್ಯೇಕ ಸಂಸ್ಥೆಯಾಯಿತು. ಮುಂದೆ ಟಿಕೆಟ್ ಕಟ್ಟುಗಳ ಜಾಗಕ್ಕೆ ಕೈಯಂತ್ರ ಬಂತು. ಈಚೆಗೆ ಮೊಬೈಲಿನಲ್ಲೇ ಹಣ ಪಾವತಿಸುವ ವ್ಯವಸ್ಥೆಯೂ ಬಂದಿದೆ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಸಿಗುವುದು ಶೂನ್ಯ ದರದ ಟಿಕೆಟ್. ಹಣವಿಲ್ಲದಿದ್ದರೂ ಟಿಕೆಟ್ ಏಕೆ? ಸಂಸ್ಥೆಗೆ ಸರ್ಕಾರ ಕೊಡಬೇಕಾದ ಹಣದ ಲೆಕ್ಕಕ್ಕೆ ಅದೇ ಆಧಾರ. ಕೊಡಬೇಕಾದವರು, ಪಡೆಯಬೇಕಾದವರು ಇಲ್ಲಿಯೂ ಇದ್ದಾರೆ. ಆದರೆ ಆ ಲೆಕ್ಕ ಬಸ್ಸಿನೊಳಗೆ ನಡೆಯುವುದಿಲ್ಲ.

ಎರಡು ರೂಪಾಯಿಗಾಗಿ ನಡೆಯುತ್ತಿದ್ದ ಜಗಳ ಕಡಿಮೆಯಾದರೆ ಒಳ್ಳೆಯದೇ. ಆದರೆ ಮೊಬೈಲಿನಲ್ಲಿ ಹಣ ಕೊಡಲು ಬಾರದ ವೃದ್ಧರು, ದಿನಗೂಲಿ ಗಂಡಸರು ಈಗಲೂ ನೋಟು ಹಿಡಿದೇ ಬಸ್ಸು ಹತ್ತುತ್ತಾರೆ. ಅವರಿಗೆ ಆ ಎರಡು ರೂಪಾಯಿ ಇಂದಿಗೂ ಲೆಕ್ಕಕ್ಕೆ ಬರುತ್ತದೆ. ಇಳಿಯುವ ಮುನ್ನ ಅವರು ಟಿಕೆಟ್ ತಿರುಗಿಸಿ ನೋಡಲೇಬೇಕು.