ಚಿಗರೆಯನ್ನು ದೂರದಿಂದಲೇ ನೋಡುವುದು

ಬೀದರ್‌ನ ಕೆಂಪು ಜಂಬಿಟ್ಟಿಗೆಯ ದಿಬ್ಬ ಇಳಿದು ಜನವಾಡದ ಕಡೆ ಬಂದರೆ ಮಾಂಜ್ರಾ ಬಯಲಿನ ಕಪ್ಪು ನೆಲ ಸಿಗುತ್ತದೆ. ಈ ಸೀಮೆಯ ತೊಗರಿ, ಜೋಳದ ಹೊಲಗಳಲ್ಲಿ ಚಿಗರೆ, ಅಂದರೆ ಕೃಷ್ಣಮೃಗ, ಕಾಣುವುದು ನಮಗೆ ಹೊಸದಲ್ಲ. ಹೊಸದಾಗಿರುವುದು ನೋಡುವ ರೀತಿ.

1956ರವರೆಗೆ ಬೀದರ್ ಹೈದರಾಬಾದಿಗೆ ಸೇರಿತ್ತು. ಅಲ್ಲಿನ ನಿಜಾಮರ ಛಾಯಾಗ್ರಾಹಕ ರಾಜಾ ದೀನ್ ದಯಾಳ್. 1902ರಲ್ಲಿ ವಾರಂಗಲ್ ಸೀಮೆಯ ನೆಕೊಂಡದಲ್ಲಿ ವೈಸ್‌ರಾಯ್ ಕರ್ಜನ್ ದಂಪತಿ ಸತ್ತ ಹುಲಿಯೊಂದಿಗೆ ನಿಂತ ಪ್ರಸಿದ್ಧ ಚಿತ್ರ ಅವರದೇ. ಆಗ ಬಂದೂಕಿನ ಹಿಂದೆ ಕ್ಯಾಮೆರಾ ಹೋಗುತ್ತಿತ್ತು. ಭಾರದ ಪೆಟ್ಟಿಗೆ, ಗಾಜಿನ ಫಲಕ. ಜೀವಂತ ಪ್ರಾಣಿ ಅದಕ್ಕಾಗಿ ಕಾಯುತ್ತಿರಲಿಲ್ಲ.

ಮುಂದೆ ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಕಾಡಿನಲ್ಲಿ ತಾಳ್ಮೆಯಿಂದ ಕಾದು ಚಿತ್ರ ತೆಗೆದರು. 1972ರ ವನ್ಯಜೀವಿ ಕಾಯ್ದೆ ಚಿಗರೆಯ ಬೇಟೆಗೆ ತಡೆ ಹಾಕಿತು. ಆದರೂ ಫಿಲ್ಮ್ ತೊಳೆದು ಬರುವ ತನಕ ಸೆರೆಯಾದದ್ದೇನೆಂದು ತೆಗೆದವರಿಗೂ ಕಾಣುತ್ತಿರಲಿಲ್ಲ. 1995ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾಸಿಯೊ ಕ್ಯೂವಿ-10 ಕ್ಯಾಮೆರಾದ ಬೆನ್ನಿಗೆ ಪುಟ್ಟ ತೆರೆಯಿತ್ತು. 1999ರಲ್ಲಿ ಮಲೇಷ್ಯಾದ ಪಕ್ಷಿವೀಕ್ಷಕ ಲಾರೆನ್ಸ್ ಪೋ ದೂರದರ್ಶಕದ ಕಣ್ಣಿಗೆ ಡಿಜಿಟಲ್ ಕ್ಯಾಮೆರಾ ಹಿಡಿದು ನೋಡಿದರು. 2015ರ ನಿಕಾನ್ ಪಿ900ಗೆ 83 ಪಟ್ಟು ಜೂಮ್, ಜೊತೆಗೆ ಚಿತ್ರವನ್ನು ಮೊಬೈಲಿಗೆ ಕಳಿಸುವ ವೈಫೈ.

ಈಗ ನಾವು ಬದುವಿನ ಮೇಲೆ ಮುಕ್ಕಾಲಿ ಊರಿ, ಕ್ಯಾಮೆರಾವನ್ನು ಟ್ಯಾಬ್ಲೆಟ್ಟಿಗೆ ಜೋಡಿಸುತ್ತೇವೆ. ದುರ್ಬೀನಿನಲ್ಲಿ ಒಬ್ಬರು ನೋಡಿದರೆ ಉಳಿದವರು ಕಾಯಬೇಕು. ತೆರೆಯ ಸುತ್ತ ಆರು ಮಂದಿ ಕೂರಬಹುದು. ಬಿಸಿಲಿಗೆ ಚಿತ್ರ ಮಂಕಾಗುತ್ತದೆ, ಮೇಲೊಂದು ಟವೆಲ್ ಹೊದಿಸಬೇಕು. ಮಧ್ಯಾಹ್ನ ಕಪ್ಪು ನೆಲದಿಂದೇಳುವ ಝಳಕ್ಕೆ ಚಿಗರೆಯ ಕಾಲುಗಳು ನೀರಿನಲ್ಲಿದ್ದಂತೆ ನಡುಗುತ್ತವೆ. ಎಷ್ಟು ಜೂಮ್ ಇದ್ದರೂ ಉಪಯೋಗವಿಲ್ಲ. ಬೆಳಗಿನ ಹೊತ್ತೇ ಸರಿ.

ಕೊಂಬಿನ ಸುರುಳಿ ಎಣಿಸಿ ಮಕ್ಕಳು ಕುಣಿಯುವಾಗ, ಪಕ್ಕದ ಹೊಲದ ರೈತರು ಅದೇ ತೆರೆಯಲ್ಲಿ ತಮ್ಮ ಎಳೆ ಪೈರು ಮೇಯುವುದನ್ನು ನೋಡುತ್ತಾರೆ. ಅವರ ಸಿಟ್ಟು ಸುಳ್ಳಲ್ಲ. ಬೆಳೆನಷ್ಟದ ಲೆಕ್ಕಕ್ಕೆ ಯಾವ ಕ್ಯಾಮೆರಾವೂ ಉತ್ತರ ಕೊಡದು.

ಇನ್ನೊಂದು ಕಡೆ, ಮೊಬೈಲ್ ಚಿತ್ರಕ್ಕಾಗಿ ಹಿಂಡಿನ ಹಿಂದೆ ಬೈಕ್ ಓಡಿಸುವ ಹುಡುಗರೂ ಇದ್ದಾರೆ. ಚಿಗರೆ ತಾಯಿ ಎಳೆಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ಗದ್ದಲಕ್ಕೆ ಅದು ದೂರ ಓಡಿದರೆ ಮರಿ ನಾಯಿಗಳ ಪಾಲು. ಅದಕ್ಕೇ ತೆರೆಯ ಮುಂದೆ ಕೂತ ಹುಡುಗರಿಗೆ ನಾನು ಹೇಳುವುದಿಷ್ಟು: ಇಲ್ಲಿಂದಲೇ ಇಷ್ಟು ಚೆನ್ನಾಗಿ ಕಾಣುವಾಗ, ಬದು ದಾಟಿ ಹೋಗುವುದು ಯಾಕೆ?