ಶಿಲಾಪಾಕದ ಕೊನೆಯ ರಸ

ಗ್ರಾನೈಟ್ ಇದ್ದಲ್ಲೆಲ್ಲ ತವರ ಸಿಗುವುದಿದ್ದರೆ, ಸುಮಾರು 250 ಕೋಟಿ ವರ್ಷ ಹಳೆಯ ರಾಮನಗರದ ಬೆಟ್ಟಗಳೆಲ್ಲ ಇಂದು ತವರದ ಗಣಿಗಳಾಗಿರಬೇಕಿತ್ತು. ಹಾಗಾಗಿಲ್ಲ. ಬಂಡೆ ಎಷ್ಟು ದೊಡ್ಡದು ಎಂಬುದಕ್ಕಿಂತ ಶಿಲಾಪಾಕ ತಣಿಯುವಾಗ ಕೊನೆಗೆ ಏನು ಉಳಿಯಿತು ಎಂಬುದೇ ಮುಖ್ಯ. ಸಾಮಾನ್ಯ ಖನಿಜಗಳ ಹರಳಿನಲ್ಲಿ ಸುಲಭವಾಗಿ ಜಾಗ ಸಿಗದ ಲಿಥಿಯಂ, ತವರ, ಟ್ಯಾಂಟಲಂ ಉಳಿದ ರಸದಲ್ಲಿ ಸಾಂದ್ರವಾಗುತ್ತಾ ಹೋಗುತ್ತವೆ. ಆ ರಸ ಸುತ್ತಲಿನ ಕಲ್ಲಿನ ಬಿರುಕಿಗೆ ನುಗ್ಗಿ, ದಪ್ಪ ಹರಳುಗಳ ಪೆಗ್ಮಟೈಟ್ ಆಗಿ ಗಟ್ಟಿಯಾಗುತ್ತದೆ. ಅದರ ಅಭ್ರಕದಲ್ಲಿ ಪೊಟ್ಯಾಸಿಯಂಗೆ ಹೋಲಿಸಿದರೆ ರುಬಿಡಿಯಂ ಹೆಚ್ಚಿದ್ದಷ್ಟೂ ಶೋಧಕರ ಆಸೆ ಚಿಗುರುತ್ತದೆ.

ಮಣ್ಣು ಮುಚ್ಚಿದ ನೆಲದಲ್ಲಿ ಇಂಥ ಪೆಗ್ಮಟೈಟ್ ಅನ್ನು ಕಾಣುವುದು ಹೇಗೆ ಎಂದು ಕೇಳಬಹುದು. ತವರದ ಅದಿರು ಕ್ಯಾಸಿಟರೈಟ್ ನೀರಿಗಿಂತ ಸುಮಾರು 7 ಪಟ್ಟು ಭಾರ, ಬೇಗ ಸವೆಯದು. ಅಕ್ಕಿ ಜಾಲಿಸಿದಂತೆ ಹಳ್ಳದ ಮರಳನ್ನು ಜಾಲಿಸಿದರೆ ತಳದಲ್ಲಿ ಉಳಿಯುತ್ತದೆ. ಲಿಥಿಯಂ ಅದಿರಾದ ಸ್ಪೋಡುಮಿನ್‌ಗೆ ಈ ಉಪಾಯ ಸಾಲದು. ಅದು ಹಗುರ, ಬೇಗ ಶಿಥಿಲವಾಗುತ್ತದೆ. ಮಣ್ಣಿನ ಪರೀಕ್ಷೆಯೂ ಕೊರೆಬಾವಿಯೂ ಬೇಕು. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದ 1,600 ಟನ್ ಲಿಥಿಯಂ ಇಂಥ ಪೆಗ್ಮಟೈಟ್‌ಗಳದ್ದೇ. ಅದು ಪ್ರಾಥಮಿಕ ಅಂದಾಜು, ಗಣಿಯಲ್ಲ.