ಅಜ್ಜಿ ಹೇಳದಿದ್ದರೆ ಆ ಬೀಗದ ಕತೆ ಯಾರಿಗೂ ಗೊತ್ತಾಗುತ್ತಿರಲಿಲ್ಲ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿ ಅಂತ ಒಂದು ಊರಿದೆ. ದೊಡ್ಡ ವಿಶ್ವವಿದ್ಯಾಲಯ ಇರುವ ಊರು. ಅದರ ನಡುಮಧ್ಯೆ ರೈಲು ನಿಲ್ದಾಣದ ಹತ್ತಿರ ಒಂದು ಚಿಕ್ಕ ರಸ್ತೆಗೆ 'ಕಲಾ ಬಗಾಯ್ ವೇ' ಎಂಬ ಹೆಸರಿದೆ. ಊರಿನ ನಗರಸಭೆ 2020ರಲ್ಲಿ ಈ ಹೆಸರು ಇಡಲು ತೀರ್ಮಾನಿಸಿತು. ಕಲಾ ಬಗಾಯ್ ಅಮೃತಸರದಲ್ಲಿ ಹುಟ್ಟಿದ ಹೆಂಗಸು. ಸುಮಾರು ನೂರು ವರ್ಷದ ಹಿಂದೆ ಇದೇ ಊರಿನ ಜನ ಆಕೆಯನ್ನು ಸ್ವಂತ ಮನೆಯೊಳಗೆ ಕಾಲಿಡಲು ಬಿಟ್ಟಿರಲಿಲ್ಲ.

ಈ ಕುಟುಂಬದ ಕತೆಯನ್ನು ಇವತ್ತು ನಿಮಗೆ ಹೇಳುತ್ತೇವೆ. ಪತ್ರಿಕೋದ್ಯಮ ಓದುವಾಗ ನಾವು ಒಂದು ಪಾಠ ಕಲಿತೆವು. ಯಾವುದೇ ಹಳೇ ಕಾಗದ ಕೈಗೆ ಸಿಕ್ಕರೂ ಮೊದಲು ಎರಡು ಪ್ರಶ್ನೆ ಕೇಳಬೇಕು: ಇದನ್ನು ಬರೆದವರು ಯಾರು? ಇದರಲ್ಲಿ ಬರೆಯದೆ ಬಿಟ್ಟದ್ದು ಏನು? ಬಗಾಯ್ ಕುಟುಂಬದ ಕಾಗದಗಳನ್ನು ಹಾಗೆಯೇ ಒಂದೊಂದಾಗಿ ನೋಡೋಣ.

ಹಡಗು ಮತ್ತು ಮೂಗುತಿ

ವೈಷ್ಣೋ ದಾಸ್ ಬಗಾಯ್ ಹುಟ್ಟಿದ್ದು 1891ರಲ್ಲಿ, ಪೇಶಾವರದಲ್ಲಿ. ಈಗ ಅದು ಪಾಕಿಸ್ತಾನದಲ್ಲಿದೆ. ಆಗ ಎಲ್ಲವೂ ಬ್ರಿಟಿಷರ ಭಾರತ. ಅನುಕೂಲಸ್ಥರ ಮನೆ. ಆದರೆ ಪರಕೀಯರ ಕೈಕೆಳಗೆ ಬದುಕುವುದು ಅವರಿಗೆ ಬೇಡವಾಗಿತ್ತು. ಅಮೆರಿಕದಲ್ಲಿದ್ದ ಭಾರತೀಯರು ಸ್ವಾತಂತ್ರ್ಯಕ್ಕಾಗಿ ಕಟ್ಟಿದ ಗದರ್ ಪಕ್ಷದ ಕಡೆ ಅವರ ಮನಸ್ಸಿತ್ತು. ಆಸ್ತಿ ಮಾರಿದರು. ಹೆಂಡತಿ ಕಲಾ ಮತ್ತು ಬ್ರಿಜ್, ಮದನ್, ರಾಮ್ ಎಂಬ ಮೂವರು ಚಿಕ್ಕ ಗಂಡುಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿದರು. 1915ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದರು.

ಇಳಿದ ಕೂಡಲೇ ಊರಿಗೆ ಹೋಗುವಂತಿರಲಿಲ್ಲ. ಏಷ್ಯಾದಿಂದ ಬಂದವರನ್ನು ಏಂಜೆಲ್ ಎಂಬ ದ್ವೀಪದಲ್ಲಿ ಇರಿಸಿ ವಿಚಾರಣೆ ಮಾಡುತ್ತಿದ್ದರು. ಬಗಾಯ್ ಕುಟುಂಬವೂ ಕೆಲವು ದಿನ ಅಲ್ಲಿತ್ತು. ತಾವು 25,000 ಡಾಲರಿಗಿಂತ ಹೆಚ್ಚು ಬೆಲೆಯ ಚಿನ್ನ ತಂದಿದ್ದಾಗಿ ವೈಷ್ಣೋ ದಾಸ್ ಮುಂದೆ ಬರೆದಿದ್ದಾರೆ. ಕೂಲಿ ಹುಡುಕಿಕೊಂಡು ಬಂದವರಲ್ಲ ಎಂದು ಅಧಿಕಾರಿಗಳಿಗೆ ಖಾತ್ರಿಯಾಯಿತು, ಒಳಗೆ ಬಿಟ್ಟರು. ಎರಡು ವರ್ಷ ತಡವಾಗಿದ್ದರೆ ಅದೂ ಆಗುತ್ತಿರಲಿಲ್ಲ. 1917ರಲ್ಲಿ ಬಂದ ಕಾನೂನು ಭಾರತವೂ ಸೇರಿ ಏಷ್ಯಾದ ಬಹುಭಾಗದ ಜನರಿಗೆ ಬಾಗಿಲು ಮುಚ್ಚಿತು.

ಇವರು ಬಂದ ಸುದ್ದಿ ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು. ಸುದ್ದಿ ಯಾವುದರ ಬಗ್ಗೆ ಗೊತ್ತೇ? ಕಲಾ ಅವರ ವಜ್ರದ ಮೂಗುತಿಯ ಬಗ್ಗೆ! ಇಪ್ಪತ್ತೆರಡರ ಆಸುಪಾಸಿನ ಹೆಂಗಸು, ಮೂರು ಮಕ್ಕಳ ತಾಯಿ, ಇಂಗ್ಲಿಷ್ ಬಾರದು, ಸಮುದ್ರ ದಾಟಿ ಬಂದಿದ್ದಾಳೆ. ಪತ್ರಿಕೆಯ ಕಣ್ಣಿಗೆ ಬಿದ್ದದ್ದು ಮೂಗುತಿ ಮಾತ್ರ.

ಬೀಗ

ವೈಷ್ಣೋ ದಾಸ್ ಬರ್ಕ್ಲಿಯಲ್ಲಿ ಒಂದು ಮನೆ ಕೊಂಡರು. ಸಾಮಾನೆಲ್ಲ ಗಾಡಿಗೆ ಹೇರಿಕೊಂಡು ಗಂಡ ಹೆಂಡತಿ ಮಕ್ಕಳು ಹೊಸ ಮನೆಗೆ ಹೋದರು. ಹೋಗಿ ನೋಡಿದರೆ ನೆರೆಹೊರೆಯವರು ಮನೆಗೆ ಬೀಗ ಜಡಿದಿದ್ದರು. ಈ ಬಣ್ಣದವರು ನಮ್ಮ ಬೀದಿಗೆ ಬೇಡ ಎನ್ನುವುದೇ ಕಾರಣ. ದುಡ್ಡು ಕೊಟ್ಟು ಕೊಂಡ ಮನೆ ಎದುರಿಗೇ ಇದೆ, ಒಳಗೆ ಹೋಗುವಂತಿಲ್ಲ. ಇಂಥವರ ನಡುವೆ ಮಕ್ಕಳಿಗೆ ಏನಾದರೂ ಆದರೆ ಗತಿಯೇನು ಎಂದು ಕಲಾ ಹೆದರಿದರು. ಗಂಡನೂ ಒಪ್ಪಿದರು. ಗಾಡಿ ತಿರುಗಿಸಿದರು.

ಈ ಘಟನೆ ನಮಗೆ ಗೊತ್ತಾಗಿದ್ದು ಕಲಾ ಅವರ ಬಾಯಿಂದ. ಅವರು ಅಜ್ಜಿಯಾದ ಮೇಲೆ, 1982ರಲ್ಲಿ, ಕೂರಿಸಿಕೊಂಡು ಕೇಳಿ ಧ್ವನಿಮುದ್ರಣ ಮಾಡಿದರು. ಮರುವರ್ಷ, 1983ರಲ್ಲಿ, ಅಜ್ಜಿ ತೀರಿಕೊಂಡರು. ಒಂದು ವರ್ಷ ತಡ ಮಾಡಿದ್ದರೆ ಆ ಬೀಗದ ಕತೆ ಅಜ್ಜಿಯ ಜೊತೆಗೇ ಹೋಗಿಬಿಡುತ್ತಿತ್ತು.

ಕೊಟ್ಟು ಕಿತ್ತುಕೊಂಡ ಕಾಗದ

ಕುಟುಂಬ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿತು. ಫಿಲ್‌ಮೋರ್ ಬೀದಿಯಲ್ಲಿ 'ಬಗಾಯ್ಸ್ ಬಜಾರ್' ಎಂಬ ಅಂಗಡಿ ಇಟ್ಟರು. ವೈಷ್ಣೋ ದಾಸ್ ಸೂಟು ಹಾಕಿದರು, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದರು. 1921ರಲ್ಲಿ ನ್ಯಾಯಾಲಯ ಅವರಿಗೆ ಅಮೆರಿಕದ ಪೌರತ್ವ ಕೊಟ್ಟಿತು. ಬ್ರಿಟಿಷ್ ಪ್ರಜೆ ಎಂಬ ಪಟ್ಟವನ್ನು ಅವರು ಸಂತೋಷದಿಂದಲೇ ಕಳಚಿಟ್ಟರು.

ಎರಡೇ ವರ್ಷಕ್ಕೆ ಎಲ್ಲ ತಲೆಕೆಳಗಾಯಿತು. ಅಮೆರಿಕದಲ್ಲಿ 1790ರಿಂದ ಒಂದು ಕಾನೂನಿತ್ತು. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗಷ್ಟೇ ಪೌರತ್ವ. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಭಾರತೀಯರು ಯಾವ ಲೆಕ್ಕಕ್ಕೆ? ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರ ಮೊಕದ್ದಮೆಯಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ತಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯರ ಕುಲಕ್ಕೇ ಸೇರಿದವನು ಎಂದು ಅವರ ಕಡೆಯವರು ವಾದಿಸಿದರು. ಊರಿನ ಜಾತಿ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಎಂದು ತಿಳಿಯುತ್ತಾನೋ ಅವನೇ ಬಿಳಿಯ ಎಂದು 1923ರ ಫೆಬ್ರವರಿ 19ರಂದು ತೀರ್ಪು ಬಂತು.

ಅದಾದ ಮೇಲೆ ಸರ್ಕಾರ ಹಿಂದೆ ಕೊಟ್ಟಿದ್ದ ಪೌರತ್ವವನ್ನೂ ಹಿಂದಕ್ಕೆ ಕೇಳಿತು. ಹತ್ತಾರು ಭಾರತೀಯರು ಹೀಗೆ ಪೌರತ್ವ ಕಳೆದುಕೊಂಡರು. ವೈಷ್ಣೋ ದಾಸ್ ಅವರದ್ದೂ ಹೋಯಿತು. ಅದರ ಜೊತೆ ಆಸ್ತಿಯೂ ಹೋಯಿತು. ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಗಳು ಭೂಮಿಯ ಒಡೆತನ ಹೊಂದುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಕಾನೂನಿತ್ತು. ಮನೆ ಮಾರಬೇಕಾಯಿತು, ಅಂಗಡಿಯೂ ಹೋಯಿತು.

1928ರಲ್ಲಿ ಅವರು ಭಾರತಕ್ಕೆ ಹೋಗಿ ಬಂಧುಗಳನ್ನು ನೋಡಿ ಬರೋಣ ಎಂದುಕೊಂಡರು. ಅಮೆರಿಕದ ಪಾಸ್‌ಪೋರ್ಟ್ ಕೊಡಲಿಲ್ಲ. ಬ್ರಿಟಿಷ್ ಪ್ರಜೆಯಾಗಿ ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊ ಎಂದರು. ಯಾರ ಆಳ್ವಿಕೆ ಬೇಡವೆಂದು ಊರು ಬಿಟ್ಟಿದ್ದರೋ ಅವರ ಬಾಗಿಲಿಗೇ ಮತ್ತೆ ಹೋಗುವುದು ಅವರಿಂದಾಗಲಿಲ್ಲ. ಈಗ ಅವರು ಯಾವ ದೇಶಕ್ಕೂ ಸೇರದವರಾದರು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. ಹೆಂಡತಿ ಮಕ್ಕಳಿಗೆ ಪತ್ರ ಬರೆದಿಟ್ಟಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದಕ್ಕೂ ಬರೆದಿದ್ದರು. ಇಲ್ಲೇ ಮನೆ ಮಾಡಿ ಮಕ್ಕಳನ್ನು ಓದಿಸೋಣ ಎಂದು ಬಂದೆ, ಕೊಟ್ಟ ಪೌರತ್ವ ಕಿತ್ತುಕೊಂಡರು, ಹಾಗಾದರೆ ನಾನು ಯಾರು ಎನ್ನುವುದು ಆ ಪತ್ರದ ಸಾರ. ಹದಿಮೂರು ವರ್ಷದ ಹಿಂದೆ ಈ ಮನೆಯಲ್ಲಿ ಮೂಗುತಿಯನ್ನಷ್ಟೇ ಕಂಡಿದ್ದ ಆ ಊರಿನ ಓದುಗರು ಈ ಸಲ ಮನೆ ಯಜಮಾನನ ಮಾತನ್ನು ಓದಿದರು.

ಅಜ್ಜಿ ನಡೆಸಿದ ಮನೆ

ವೈಷ್ಣೋ ದಾಸ್ ಬಗ್ಗೆ ಬರೆದವರು ಎಷ್ಟೋ ಸಲ ಅವರ ಸಾವಿನಲ್ಲಿ ಕತೆ ಮುಗಿಸುತ್ತಾರೆ. ಆದರೆ ಮನೆಯಲ್ಲಿ ಕಲಾ ಇದ್ದರು, ಮೂವರು ಮಕ್ಕಳಿದ್ದರು. ಕಲಾಗೆ ಆಗ ಮೂವತ್ತೈದರ ಆಸುಪಾಸು. ಅವರು ರಾತ್ರಿ ಶಾಲೆಗೆ ಹೋಗಿ ಇಂಗ್ಲಿಷ್ ಕಲಿತರು. ಟೆನಿಸ್ ಆಡುವುದನ್ನೂ ಕಲಿತರು. ಮಕ್ಕಳನ್ನು ಕಾಲೇಜು ಮೆಟ್ಟಿಲು ಹತ್ತಿಸಿದರು. 1934ರಲ್ಲಿ ಕುಟುಂಬದ ಸ್ನೇಹಿತರಾಗಿದ್ದ ಮಹೇಶ್ ಚಂದ್ರ ಅವರನ್ನು ಮದುವೆಯಾದರು. ಆ ಕಾಲದಲ್ಲಿ ಮೂರು ಮಕ್ಕಳ ವಿಧವೆ ಮರುಮದುವೆಯಾಗುವುದು ಎಷ್ಟು ಕಷ್ಟ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

1946ರಲ್ಲಿ ಅಮೆರಿಕದ ಕಾನೂನು ಬದಲಾಯಿತು. ವರ್ಷಕ್ಕೆ ನೂರು ಭಾರತೀಯರಿಗೆ ವಲಸೆ ಬರಲು ಅವಕಾಶ, ಅಲ್ಲಿರುವವರಿಗೆ ಪೌರತ್ವದ ದಾರಿ. 1950ರಲ್ಲಿ ಕಲಾ ಅಮೆರಿಕದ ಪ್ರಜೆಯಾದರು. ಗಂಡನ ಕೈಯಿಂದ ಕಿತ್ತುಕೊಂಡ ಕಾಗದ ಎಷ್ಟೋ ವರ್ಷದ ನಂತರ ಹೆಂಡತಿಯ ಕೈಗೆ ಬಂತು. ಮುಂದೆ ಲಾಸ್ ಏಂಜಲೀಸ್ ಕಡೆ ಅವರ ಮನೆ ಭಾರತದಿಂದ ಬಂದ ಹೊಸಬರಿಗೆ, ವಿದ್ಯಾರ್ಥಿಗಳಿಗೆ ತೆರೆದ ಮನೆಯಾಯಿತು. ಬೀಗದ ಮುಂದೆ ನಿಂತು ವಾಪಸು ಬಂದ ಹೆಂಗಸು ಬಂದವರಿಗೆಲ್ಲ ಬಾಗಿಲು ತೆರೆದಿಟ್ಟರು.

ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳು ಹುಟ್ಟಿದ ದಿನದಿಂದಲೇ ಆ ದೇಶದ ಪ್ರಜೆಗಳು. ಅಜ್ಜನ ಪ್ರಾಣ ತೆಗೆದ ಪ್ರಶ್ನೆ ಅವರಿಗೆ ಎದುರಾಗಲೇ ಇಲ್ಲ. ಅಜ್ಜನ ಮುಖವನ್ನೇ ನೋಡದ ಮೊಮ್ಮಗಳೊಬ್ಬರು ಮನೆಯಲ್ಲಿದ್ದ ಫೋಟೋ, ಪತ್ರಗಳನ್ನು ಜೋಪಾನ ಮಾಡಿದರು. ದಕ್ಷಿಣ ಏಷ್ಯಾದಿಂದ ಅಮೆರಿಕಕ್ಕೆ ಹೋದವರ ನೆನಪುಗಳನ್ನು ಕೂಡಿಡುವ 'ಸಾಡಾ' ಎಂಬ ಡಿಜಿಟಲ್ ಸಂಗ್ರಹದಲ್ಲಿ ಅವು ಇವತ್ತು ಇವೆ, ಯಾರು ಬೇಕಾದರೂ ಫೋನಿನಲ್ಲೇ ನೋಡಬಹುದು. ಬರ್ಕ್ಲಿಯ ಜನ ರಸ್ತೆಗೆ ಹೆಸರು ಹುಡುಕುವಾಗ ಈ ಕತೆ ಕೈಗೆ ಸಿಕ್ಕಿದ್ದು ಹೀಗೆ ಕೂಡಿಟ್ಟಿದ್ದರಿಂದ.

ನಿಮ್ಮ ಮನೆಯ ಕತೆ

ಈ ಕುಟುಂಬದ ಬಗ್ಗೆ ಓದುತ್ತಾ ನಮಗೆ ನಮ್ಮೂರುಗಳೇ ನೆನಪಾದವು. ಹೊಲ ಯಾರ ಹೆಸರಿಗಿದೆ ಎಂದು ಪಹಣಿ ಹೇಳುತ್ತದೆ. ಯಾರನ್ನು ಯಾವ ಬೀದಿಗೆ ಬಿಡಲಿಲ್ಲ, ಯಾರಿಗೆ ಯಾವ ಬಾವಿಯ ನೀರು ಸಿಗಲಿಲ್ಲ ಎಂದು ಅದು ಹೇಳುವುದಿಲ್ಲ. ಅದು ಗೊತ್ತಿರುವುದು ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರುವ ಅಜ್ಜಿಗೆ.

ನಿಮ್ಮ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡುವ ಸೌಲಭ್ಯ ಇದ್ದೇ ಇದೆ. ಒಂದು ಸಂಜೆ ಅಜ್ಜಿಯ ಪಕ್ಕ ಕೂತು, ಕೇಳಿಯೇ ರೆಕಾರ್ಡ್ ಮಾಡಿ. ಈ ಊರಿಗೆ ಬಂದದ್ದು ಹೇಗೆ, ಏನೇನು ತಂದಿರಿ, ಯಾರು ಒಳಗೆ ಕರೆದರು, ಯಾರು ಕರೆಯಲಿಲ್ಲ ಎಂದು ಕೇಳಿ. ನಡುವೆ ಬಾಯಿ ಹಾಕಬೇಡಿ. ಮುಗಿದ ಮೇಲೆ ದಿನಾಂಕ, ಊರು, ಹೆಸರು ಹೇಳಿ ಉಳಿಸಿಡಿ. ಇನ್ನೊಬ್ಬರ ಫೋನಿಗೂ ಒಂದು ಪ್ರತಿ ಕಳಿಸಿ, ಯಾಕೆಂದರೆ ಫೋನು ಕೆಡುತ್ತದೆ, ಕಳೆದೂ ಹೋಗುತ್ತದೆ. ಮುಂದಿನ ಹಬ್ಬಕ್ಕೆ ಎಂದು ಮಾತ್ರ ಮುಂದೂಡಬೇಡಿ.